ಸತ್ತ ಯೆಜ್ಡಿ ಎಬ್ಬಿಸೋದಾ, ರೆಡಿ ಯೆಜ್ಡಿ ಕೊಳ್ಳೋದಾ: ಬಿಪಿ ಮೀಟರ್ ಹೇಳಿದ ಲೆಕ್ಕ

ಮೊದಲೇ ದುಡ್ಡಿನ ಮಾತು ಮುಗಿಸಿಬಿಡ್ತೀನಿ. ಮಣ್ಣಲ್ಲಿ ಓಡಿಸೋಕೆ ಅಂತ ಎಬ್ಬಿಸಿದ ಯೆಜ್ಡಿ 250 ಬೈಕು, ಹದಿನಾರು ಇಂಚಿನ ಚಕ್ರದ ಹಳೇ ಮಾದರಿ, ಒಟ್ಟು ಒಂದು ಲಕ್ಷದ ನಾಲ್ಕು ಸಾವಿರದ ಆಸುಪಾಸಿಗೆ ಬಂತು. ಅದೇ ಹೊತ್ತಿಗೆ ದಾವಣಗೆರೆಯಲ್ಲಿ ‘ಫುಲ್ ರೆಸ್ಟೋರ್ ಆಗಿದೆ ಸರ್, ಕಿಕ್ ಹೊಡೀರಿ, ಹೋಗ್ತಾ ಇರ್ರಿ’ ಅಂತ ತೋರಿಸಿದ ಗಾಡಿಗೆ ಹೇಳಿದ ರೇಟು 1.15 ಲಕ್ಷ. ಹನ್ನೊಂದು ಸಾವಿರ ಉಳಿಸೋಕೆ ಒಂಬತ್ತು ತಿಂಗಳ ಭಾನುವಾರ ಹಾಳು ಮಾಡ್ಕೊಂಡ ಅಂತ ಗ್ಯಾರೇಜಿನ ಕಟ್ಟೆ ಮೇಲೆ ಎಲ್ಲರೂ ನಕ್ಕರು. ಆ ರೆಡಿ ಗಾಡಿಯನ್ನು ಬೇರೊಬ್ಬರು ತಗೊಂಡರು. ಎರಡೇ ತಿಂಗಳಿಗೆ ಅದರ ಎಂಜಿನ್ ನನ್ನ ಬೆಂಚಿನ ಮೇಲೆ ಬಂದು ಕೂತಿತು. ಈಗ ಯಾರೂ ನಗೋದಿಲ್ಲ.

ಆ ಎಂಜಿನ್ನಿಗೆ ಆಗಿದ್ದು ಇಷ್ಟೇ. ಕ್ರ್ಯಾಂಕಿನ, ಅಂದ್ರೆ ಪಿಸ್ಟನ್ ತಿರುಗಿಸೋ ದಂಡದ, ಎಡಗಡೆ ಆಯಿಲ್ ಸೀಲ್ ಒಣಗಿ ಗಟ್ಟಿಯಾಗಿ ಗೇರ್ ಆಯಿಲ್ ಎಳ್ಕೊಳ್ತಿತ್ತು. ಬಲಗಡೆ, ಅಂದ್ರೆ ಡೈನಮೋ ಕಡೆ ಸೀಲ್ ಗಾಳಿ ಎಳೀತಿತ್ತು. ಎಡಗಡೆ ಸೋರಿದರೆ ಬಿಳಿ ಹೊಗೆ, ಗೇರ್ ಬಾಕ್ಸಿನಲ್ಲಿ ಆಯಿಲ್ ಕಡಿಮೆ. ಬಲಗಡೆ ಸೋರಿದರೆ ಹೊಗೆ ಇಲ್ಲ, ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಇಳಿಯೋದಿಲ್ಲ, ಒಂದಿನ ಪಿಸ್ಟನ್ ಹಿಡ್ಕೊಳ್ಳುತ್ತೆ. ಎರಡೂ ಒಟ್ಟಿಗೆ ಸೋರಿದರೆ ಒಂದರ ಲಕ್ಷಣ ಇನ್ನೊಂದನ್ನು ಮುಚ್ಚುತ್ತೆ. ಮಾರೋರಿಗೆ ಇದು ಅನುಕೂಲ. ಪೇಂಟು, ಕ್ರೋಮು, ಹೊಸ ಸೀಟು ನೋಡಿ ದುಡ್ಡು ಎಣಿಸ್ತೀವಿ, ಸೀಲ್ ಕಾಣೋದಿಲ್ಲವಲ್ಲ.

ಅದಕ್ಕೇ ಬಿಪಿ ಮೀಟರ್. ಹಳೇ ಡಾಕ್ಟರ್ ಶಾಪಿನ ಮುಳ್ಳಿನ ಮೀಟರ್, ರಬ್ಬರ್ ಬಲ್ಬು, ತಿರುಪಿನ ವಾಲ್ವು. ತೋಳಿಗೆ ಸುತ್ತೋ ಪಟ್ಟಿ ಬೇಡ. ಅದರ ಸ್ಕೇಲು 300ಕ್ಕೆ ಮುಗಿಯುತ್ತೆ. ಆ 300 ಅಂದ್ರೆ, ಟಯರಿಗೆ ಗಾಳಿ ಹಿಡಿಸುವಾಗ ಹೇಳೋ ಅಳತೆಯಲ್ಲಿ, ಸುಮಾರು 5.8 ಪಿಎಸ್ಐ. ಟೂ ಸ್ಟ್ರೋಕ್ ಎಂಜಿನ್ನಿನ ಸೋರಿಕೆ ನೋಡೋಕೆ 6 ಪಿಎಸ್ಐ ಬೇಕು, ಹೆಚ್ಚು ಕಮ್ಮಿ ಅಲ್ಲಿಗೇ ಬಂತು. ಹಳೇ ಸ್ಪಾರ್ಕ್ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು, ಒಳಗೆ ಹಿತ್ತಾಳೆ ಪೈಪು ಬ್ರೇಜ್ ಮಾಡಿಸಿ, ಅದಕ್ಕೆ ಮೀಟರಿನ ಟ್ಯೂಬು ಸಿಕ್ಕಿಸಿ. ಕಾರ್ಬುರೇಟರ್ ಬಿಚ್ಚಿ ಆ ಬಾಯಿಗೆ ಸೈಕಲ್ ಟ್ಯೂಬಿನ ರಬ್ಬರು, ಮೇಲೆ ಅಲ್ಯೂಮಿನಿಯಂ ಪಟ್ಟಿ, ಎರಡು ಬೋಲ್ಟು. ಎರಡೂ ಸೈಲೆನ್ಸರ್ ಪೈಪಿನ ರಿಂಗ್ ನಟ್ ಬಿಚ್ಚಿ ಆ ಬಾಯಿಗಳಿಗೂ ರಬ್ಬರು ಬಿರಡೆ. ಪಿಸ್ಟನ್ ಪೂರ್ತಿ ಕೆಳಗೆ ಇರಲಿ, ಆಗ ಮೇಲಿನ ಗಾಳಿ ಕ್ರ್ಯಾಂಕ್ ಕೇಸಿಗೂ ಹೋಗುತ್ತೆ. 300ಕ್ಕೆ ಏರಿಸಿ ಆರು ನಿಮಿಷ ಗಡಿಯಾರ ನೋಡಿ. 250ರ ಮೇಲೆ ನಿಂತರೆ ಎಂಜಿನ್ ಬದುಕಿದೆ. ಬಿದ್ದರೆ ಸೋಪಿನ ನೊರೆ ಬಳಿದು ಹುಡುಕಿ. ಎಡ ಸೀಲ್ ಆದರೆ ಗೇರ್ ಆಯಿಲ್ ಹಾಕೋ ತೂತಿನ ಬಾಯಿಗೆ ನೊರೆ ಹಚ್ಚಿ, ಗುಳ್ಳೆ ಉಬ್ಬುತ್ತೆ.

‘ಇವನೇನೋ ಗಾಡಿಗೆ ಬಿಪಿ ನೋಡ್ತಾನಲ್ಲೋ’ ಅಂದವರೇ ಈಗ ಗಾಡಿ ಕೊಳ್ಳೋಕೆ ಹೋಗುವಾಗ ಮೀಟರ್ ಕೇಳ್ಕೊಂಡು ಬರ್ತಾರೆ. ಅರ್ಧ ಗಂಟೆ ಕೆಲಸ. ಕಾರ್ಬುರೇಟರ್ ಬಿಚ್ಚೋಕೆ ಬಿಡದವನ ಗಾಡಿ ಬಿಟ್ಟು ಬನ್ನಿ. ಇಲ್ಲಾ, ಎಂಜಿನ್ ಸತ್ತಿದೆ ಅಂತಲೇ ಹಿಡಿದು ರೇಟು ಮಾತಾಡಿ.

ನಿಜವಾದ ಹಳೇ ಮೋಟೋಕ್ರಾಸ್ (ಮಣ್ಣಿನ ಹಾದಿಯ ರೇಸ್) ಗಾಡಿ, ಸಿಜ಼ೆಡ್, ಮೈಕೋ, ಹಸ್ಕ್ವರ್ನಾ, ಯುರೋಪಿನವರ ಪಾಲು. ನಮ್ಮ ಪಾಲಿಗೆ ಬಂದಿದ್ದು ಮೈಸೂರಿನ ಗಾಡಿ. ಆದ್ರೂ ಒಂದು ಸಮಾಧಾನ ಇದೆ. ಬೆಲ್ಜಿಯಂನ ಜೋಯೆಲ್ ರಾಬರ್ಟ್ 1964ರಲ್ಲಿ 250 ಸಿಸಿ ವಿಶ್ವ ಚಾಂಪಿಯನ್ ಆಗಿದ್ದು ಎರಡು ಸೈಲೆನ್ಸರ್ ಪೈಪಿನ ಸಿಜ಼ೆಡ್ ಮೇಲೆ. ಒಂದು ಸಿಲಿಂಡರಿಗೆ ಎರಡು ಪೈಪು ಯಾಕೆ ಅಂತ ಯೆಜ್ಡಿ ನೋಡಿ ನಗೋರಿಗೆ ಇದನ್ನು ಹೇಳಿ.

ಕೊಳ್ಳುವಾಗ ನಾನು ನೋಡಿದ್ದು ಎರಡೇ: ಆರ್‌ಸಿ, ಎಂಜಿನ್ ಕೇಸು. ಆರ್‌ಸಿಯಲ್ಲಿರೋ ನಂಬರೇ ಚಾಸಿಸ್ ಮೇಲೂ ಎಂಜಿನ್ ಮೇಲೂ ಇರಬೇಕು, ಉಜ್ಜಿ ಹೊಡೆದ ನಂಬರ್ ಬೇಡ. ಚಿತ್ರದುರ್ಗದ ಕಡೆ ಹಳ್ಳಿಯೊಂದರ ಹಗೇವು ಪಕ್ಕ ನಿಂತಿದ್ದ ಗಾಡಿಗೆ 26 ಸಾವಿರ ಕೊಟ್ಟೆ. ಆರ್‌ಸಿ ಇಲ್ಲದ ಇನ್ನೊಂದು ಎಂಜಿನ್ ಕೇಸು ಗುಜರಿಯಲ್ಲಿ 6 ಸಾವಿರಕ್ಕೆ ಸಿಕ್ತು. ಯೆಜ್ಡಿ ಮಾಡ್ತಿದ್ದ ಐಡಿಯಲ್ ಜಾವಾ ಕಂಪನಿ 1996ರಲ್ಲಿ ಮುಚ್ಚಿದ ಮೇಲೆ ಕೇಸು ಹೊಸದಾಗಿ ಸಿಗೋದು ಕಷ್ಟ, ಉಳಿದಿದ್ದೆಲ್ಲ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಡೂಪ್ಲಿಕೇಟ್ ಆದ್ರೂ ಸಿಗುತ್ತೆ. ತುಕ್ಕು ಹಿಡಿದ ಟ್ಯಾಂಕಿಗೆ ಹೆದರಬೇಡಿ, ಬೇರಿಂಗ್ ಕೂರೋ ಜಾಗ ಸವೆದ ಕೇಸಿಗೆ ಹೆದರಿ.

ಆ 6 ಸಾವಿರದ ಕೇಸು ನನ್ನ ಕೈಯಲ್ಲೇ ಹಾಳಾಯ್ತು. ಪೈಪು ಇಟ್ಟು ಸುತ್ತಿಗೆಯಲ್ಲಿ ಬೇರಿಂಗ್ ಹೊಡೆದೆ, ಓರೆಯಾಗಿ ಇಳಿದು ಒಳಗೋಡೆ ಕೆರೆದುಬಿಡ್ತು. ಆಮೇಲೆ ಬೇರಿಂಗ್ ಕೇಸಿನೊಳಗೇ ತಿರುಗೋಕೆ ಶುರು. ಅಂಟು ಹಾಕಿದರೆ ನಿಲ್ಲುತ್ತೆ ಅನ್ನೋರು ಇದ್ದಾರೆ, ಮಣ್ಣಲ್ಲಿ ನಿಲ್ಲೋದಿಲ್ಲ. ಎರಡನೇ ಸಲ ಬೇರಿಂಗುಗಳನ್ನು ರಾತ್ರಿಯಿಡೀ ಫ್ರೀಜರಿನಲ್ಲಿಟ್ಟು, ಕೇಸನ್ನು ಬೇಕರಿ ಒಲೆ ಆರೋ ಹೊತ್ತಿಗೆ ಒಳಗಿಟ್ಟೆ. ನೀರಿನ ಹನಿ ಬಿಟ್ಟರೆ ಚುರ್ ಅಂತ ಹಾರಬೇಕು, ಸುಮಾರು ನೂರು ಡಿಗ್ರಿ. ಬೇರಿಂಗ್ ತನ್ನ ಭಾರಕ್ಕೇ ‘ಟಕ್’ ಅಂತ ಕೂತಿತು, ಸುತ್ತಿಗೆ ಮುಟ್ಟಲಿಲ್ಲ. ಬೇಕರಿಯವರು ಆಮೇಲೆ ಎರಡು ದಿನ ಬನ್ನಿನಲ್ಲಿ ಗೇರ್ ಆಯಿಲ್ ವಾಸನೆ ಅಂತ ಬೈದರು, ಅದಕ್ಕೇ ಕೇಸನ್ನು ಮೊದಲು ಡೀಸೆಲ್, ಆಮೇಲೆ ಸೋಪು ನೀರಲ್ಲಿ ತೊಳೀರಿ. ಬೇರಿಂಗ್ ಸಿ3, ಅಂದ್ರೆ ಒಳಗೆ ಸಂದು ಸ್ವಲ್ಪ ಹೆಚ್ಚಿರೋದು, ಅಂತಲೇ ಕೇಳಿ ತನ್ನಿ. ಮಾಮೂಲಿ ಬೇರಿಂಗ್ ತಣ್ಣಗಿದ್ದಾಗ ಚೆನ್ನಾಗಿ ತಿರುಗಿ, ಬಿಸಿಯಾದ ಮೇಲೆ ಬಿಗಿಯಾಗುತ್ತೆ.

ಕ್ರ್ಯಾಂಕ್ ಕೆಲಸಕ್ಕೆ ಹರಿಹರ. ಮೈಸೂರು ಕಿರ್ಲೋಸ್ಕರ್ ಲೇತ್ ಮಾಡ್ತಿದ್ದ ಊರು ಅದು, ಅಲ್ಲಿನ ಹಳೇ ಕೈಗಳಿಗೆ ಡಯಲ್ ಗೇಜ್ ಓದೋದು ಹೇಳಿಕೊಡಬೇಕಿಲ್ಲ. ಕನೆಕ್ಟಿಂಗ್ ರಾಡ್ ಕಿಟ್ಟು ಮೂರೂವರೆ ಸಾವಿರ, ಪ್ರೆಸ್ ಮಾಡಿ ಸೆಂಟರ್ ತೆಗೆಯೋಕೆ ಸಾವಿರದ ಇನ್ನೂರು. 0.03 ಮಿ.ಮೀ.ಗಿಂತ ಹೆಚ್ಚು ಓಲಾಟ ಇದ್ದರೆ ವಾಪಸ್ ಕೊಡಿ, ನಾಚಿಕೆ ಬೇಡ. ನನ್ನದು ಮೊದಲ ಸಲ 0.09 ಬಂದಿತ್ತು, ಅದನ್ನೇ ಹಾಕಿದ್ದರೆ ಹೊಸ ಸೀಲ್ ಮೂರು ತಿಂಗಳಿಗೇ ಹರಿದುಹೋಗ್ತಿತ್ತು.

ಸಿಲಿಂಡರಿಗೆ ಬೋರು ಹೊಡೆಸುವಾಗ ಎರಡು ತಪ್ಪು ಮಾಡಿದೆ. ಮಷೀನಿನವರು ರಸ್ತೆ ಗಾಡಿ ಅಂತ ಪಿಸ್ಟನ್ನಿಗೂ ಸಿಲಿಂಡರಿಗೂ ಮಧ್ಯೆ 0.05 ಮಿ.ಮೀ. ಸಂದು ಬಿಟ್ಟರು. ಜೋಗಿಮಟ್ಟಿ ಕಡೆಯಂಥ ಏರಿನಲ್ಲಿ ಒಂದನೇ ಗೇರಲ್ಲಿ ಹತ್ತು ನಿಮಿಷ ಎಳೆದರೆ ಗಾಳಿಯೇ ಬೀಸೋದಿಲ್ಲ, ಪಿಸ್ಟನ್ ಉಬ್ಬಿ ಹಿಡ್ಕೊಂಡಿತು. ಈಗ 0.08 ಕೇಳ್ತೀನಿ. ತಣ್ಣಗಿದ್ದಾಗ ಸ್ವಲ್ಪ ಟಕಟಕ ಅನ್ನುತ್ತೆ, ಅನ್ನಲಿ. ಎರಡನೆಯದು, ಬೋರಾದ ಮೇಲೆ ಪೋರ್ಟಿನ (ಸಿಲಿಂಡರ್ ಗೋಡೆಯ ಕಿಂಡಿಯ) ಅಂಚು ಚಾಕುವಿನ ಹಾಗೆ ಚೂಪಾಗಿರುತ್ತೆ. ಅದನ್ನು ಸಣ್ಣ ಅರದಲ್ಲಿ, ಆಮೇಲೆ ಎಮರಿ ಪೇಪರಿನಲ್ಲಿ ಮೊಂಡು ಮಾಡದೇ ಇದ್ದರೆ ರಿಂಗ್ ಸಿಕ್ಕಿ ಮುರಿಯುತ್ತೆ. ಬೋರು ಹೊಡೆಯೋರು ಯಾರೂ ಇದನ್ನು ಮಾಡಿ ಕೊಡೋದಿಲ್ಲ.

ಹೆಚ್ಚು ದುಡ್ಡು ನೀರಿಗೆ ಹೋಗಿದ್ದು ಚಕ್ರದಲ್ಲಿ. ಹದಿನಾರಿನ ಚಕ್ರಕ್ಕೆ ಮಣ್ಣಿನ ಟಯರ್ ಹುಡುಕೋದು ಕಷ್ಟ ಅಂತ ಹದಿನೆಂಟಿನ ರಿಮ್ ಹಾಕಿಸಿದೆ. ಬೇರೆ ಗಾಡಿಯ ರಿಮ್, ತೂತಿನ ಲೆಕ್ಕ ಸರಿ ಇತ್ತು. ಆದರೆ ತೂತಿನ ಕೋನ ಸಣ್ಣ ಹಬ್ಬಿಗೆ ಕೊರೆದದ್ದು, ಯೆಜ್ಡಿಯ ದೊಡ್ಡ ಡ್ರಮ್ಮಿಗೆ ಅಲ್ಲ. ಸ್ಪೋಕ್ಸ್ ನಿಪ್ಪಲ್ ಹತ್ತಿರ ಬಾಗಿ ನಿಂತವು, ಮೂರನೇ ಭಾನುವಾರಕ್ಕೆ ಒಂದೇ ದಿನ ಐದು ಮುರಿದವು. ರಿಮ್ಮು, ಸ್ಪೋಕ್ಸು, ಕಟ್ಟಿದ ಕೂಲಿ ಸೇರಿ ಏಳೂವರೆ ಸಾವಿರ ಹೋಯ್ತು. ತೂತು ಹೊಡೆಯದ ರಿಮ್ ತಂದು ಹಬ್ ತೋರಿಸಿ ಕೊರೆಸಿದ ಮೇಲೆ ಇವತ್ತಿನವರೆಗೆ ಒಂದೂ ಮುರಿದಿಲ್ಲ.

ಹಿಂದಿನ ಸ್ಪ್ರಾಕೆಟ್ಟಿಗೆ ಆರು ಹಲ್ಲು ಹೆಚ್ಚು ಮಾಡಿಸಿದೆ. ಮೊದಲನೆಯದು ಎಂಎಸ್, ಅಂದ್ರೆ ಮಾಮೂಲಿ ಮೆತ್ತನೆ ಉಕ್ಕಿನ ಪ್ಲೇಟು, ಮೂರು ತಿಂಗಳಿಗೆ ಹಲ್ಲು ಕುಡುಗೋಲಿನ ಹಾಗೆ ಬಾಗಿತು. ಇಎನ್8 ಅನ್ನೋ ಗಟ್ಟಿ ಉಕ್ಕಿನಲ್ಲಿ ಮಾಡಿಸಿ, ಹಲ್ಲಿಗೆ ಹದ ಕೊಡಿಸಿ. ಹಿಂದೆ ಉದ್ದ ಶಾಕ್ ಹಾಕಿದರೆ ಚೈನ್ ಕವರ್ ಕೂರೋದಿಲ್ಲ, ತೆಗೆದು ಎತ್ತಿಡಿ. ಚೈನ್ ಸಡಿಲ ನೋಡೋದು ಗಾಡಿ ಸ್ಟ್ಯಾಂಡ್ ಹಾಕಿದಾಗ ಅಲ್ಲ. ಶಾಕ್ ಕೆಳಬೋಲ್ಟ್ ಬಿಚ್ಚಿ ಚಕ್ರ ಎತ್ತಿ, ಮುಂದಿನ ಸ್ಪ್ರಾಕೆಟ್, ಸ್ವಿಂಗ್ ಆರ್ಮ್ ಪಿನ್ನು, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ನೋಡಿ. ಅಲ್ಲೇ ಚೈನ್ ಅತಿ ಬಿಗಿ.

ಯೆಜ್ಡಿಯ ಗೇರ್ ಲಿವರ್ ತುಳಿದರೆ ಕ್ಲಚ್ ತಾನೇ ಬಿಡೋದು ನಿಮಗೆ ಗೊತ್ತೇ ಇದೆ. ರಸ್ತೆಯಲ್ಲಿ ಸುಖ, ಮಣ್ಣಲ್ಲಿ ಶನಿ. ಕುಲುಕಾಟಕ್ಕೆ ಬೂಟು ಲಿವರ್ ಮೇಲೆ ಸ್ವಲ್ಪ ಭಾರ ಬಿಟ್ಟರೂ ಸಾಕು, ಕ್ಲಚ್ ಜಾರಿ ಕಾರ್ಕ್ ಪ್ಲೇಟು ಸುಟ್ಟು ವಾಸನೆ. ಎರಡು ಸೆಟ್ ಸುಟ್ಟ ಮೇಲೆ ಆ ವ್ಯವಸ್ಥೆಯನ್ನೇ ಮಲಗಿಸಿದೆ. ಹೇಗೆ ಅಂತ ಬರೆಯೋದಿಲ್ಲ. ಒಂದು ವಾಷರಿನ ಕೆಲಸ, ಕವರ್ ಬಿಚ್ಚಿ ಹದಿನೈದು ನಿಮಿಷ ದಿಟ್ಟಿಸಿ ನೋಡಿದರೆ ನಿಮಗೇ ಹೊಳೆಯುತ್ತೆ.

ಡೈನಮೋ ಆರ್ಮೇಚರ್ ಸುಟ್ಟಿದ್ದರೆ ಎಸೀಬೇಡಿ. ಬೋರ್‌ವೆಲ್ ಮೋಟಾರ್ ರಿವೈಂಡಿಂಗ್ ಅಂಗಡಿ ನಮ್ಮಲ್ಲಿ ಬೀದಿಗೊಂದು, 6 ವೋಲ್ಟಿನ ಸಣ್ಣ ಆರ್ಮೇಚರ್ ಅವರಿಗೆ ಆಟದ ಸಾಮಾನು. ಸಾವಿರದ ಎಂಟುನೂರು ತಗೊಂಡರು.

ಧೂಳಿನ ವಿಷಯಕ್ಕೆ ಬಂದರೆ, ಚಿತ್ರದುರ್ಗದ ಕೆಂಪು ಧೂಳಿಗೆ ಮೂಲ ಫಿಲ್ಟರ್ ಸಾಲೋದಿಲ್ಲ. ಎರಡು ಪದರ ಸ್ಪಂಜು, ಒರಟಿನದು ಹೊರಗೆ, ನವಿರಾದದ್ದು ಒಳಗೆ, ಎರಡಕ್ಕೂ ಆಯಿಲ್ ಹಿಂಡಿ ಹಾಕಿ. ಫಿಲ್ಟರಿಂದ ಕಾರ್ಬುರೇಟರಿಗೆ ಬರೋ ರಬ್ಬರಿನ ಒಳಗೆ ತೆಳ್ಳಗೆ ಗ್ರೀಸ್ ಬಳೀರಿ. ಓಡಿಸಿ ಬಂದ ಮೇಲೆ ಬೆರಳಾಡಿಸಿ ಉಜ್ಜಿ. ಮರಳು ಕರಕರ ಅಂದರೆ ಎಲ್ಲೋ ಸಂದಿದೆ, ಅಂದೇ ಹುಡುಕಿ. ಹರಿಹರದ ಕಡೆ ಎರೆ ಮಣ್ಣಿನ ಕಥೆಯೇ ಬೇರೆ. ಒಂದು ಮಳೆ ಬಿದ್ದರೆ ಮುಂದಿನ ಮಡ್ಗಾರ್ಡಿನೊಳಗೆ ಮೆತ್ತಿಕೊಂಡು ಚಕ್ರವೇ ನಿಲ್ಲುತ್ತೆ. ಮಡ್ಗಾರ್ಡನ್ನು ಒಂದು ಗೇಣು ಮೇಲಕ್ಕೆತ್ತಿ ಕಟ್ಟಿದ್ದೀನಿ. ನೋಡೋಕೆ ಕೊಕ್ಕರೆ ಹಾಗಿದೆ, ಕೆಲಸ ಮಾಡುತ್ತೆ.

ಟ್ಯಾಂಕಿನ ಮೇಲೆ ಸುಮ್ಮನೆ ಒಂದಿಷ್ಟು ಪ್ರಯೋಗ ನಡೆಯಿತು. ಹುಣಸೆ ಹುಳಿ ನೀರು ನಾಲ್ಕು ದಿನ ತುಂಬಿಟ್ಟೆ, ಮೇಲಿನ ತುಕ್ಕು ಹೋಯ್ತು, ಮೂಲೆಯದ್ದು ಹೋಗಲಿಲ್ಲ, ವಾಸನೆ ಮಾತ್ರ ತಿಂಗಳು ಇತ್ತು. ಆಮೇಲೆ ವಾಷಿಂಗ್ ಸೋಡಾ ನೀರು, ನಾಲ್ಕು ಲೀಟರಿಗೆ ಒಂದು ದೊಡ್ಡ ಚಮಚ, ಬ್ಯಾಟರಿ ಚಾರ್ಜರ್. ಟ್ಯಾಂಕಿಗೆ ಮೈನಸ್ಸು, ನೀರಲ್ಲಿ ಇಳಿಬಿಟ್ಟ ಕಬ್ಬಿಣದ ಸರಳಿಗೆ ಪ್ಲಸ್ಸು, ಸರಳು ಟ್ಯಾಂಕಿಗೆ ತಾಗಬಾರದು. ಸ್ಟೇನ್‌ಲೆಸ್ ಸ್ಟೀಲ್ ಸರಳು ಹಾಕಲೇಬೇಡಿ, ನೀರು ವಿಷವಾಗುತ್ತೆ. ಗಾಳಿಯಾಡೋ ಕಡೆ ಇಡಿ, ಬೀಡಿ ದೂರ ಇರಲಿ, ಏಳೋ ಗುಳ್ಳೆ ಹೈಡ್ರೋಜನ್. ಎರಡು ರಾತ್ರಿಗೆ ಮೂಲೆಯೂ ಸಾಫ್. ಈಗಿನ ಎಥನಾಲ್ ಬೆರೆತ ಪೆಟ್ರೋಲಿಗೆ ಕಾರ್ಬುರೇಟರಿನ ಮೇನ್ ಜೆಟ್ (ಪೆಟ್ರೋಲ್ ಬರೋ ತೂತು) ಒಂದು ನಂಬರ್ ಏರಿಸಬೇಕಾಯ್ತು, ಇಲ್ಲಾಂದ್ರೆ ಪ್ಲಗ್ ಸುಣ್ಣದ ಹಾಗೆ ಬೆಳ್ಳಗಾಗುತ್ತೆ. ಲೀಟರ್ ಪೆಟ್ರೋಲಿಗೆ 40 ಎಂ.ಎಲ್. ಆಯಿಲ್ ಬೆರೆಸೋದು ಹಾಗೇ ಇಟ್ಟಿದ್ದೀನಿ. 30ಕ್ಕೆ ಇಳಿಸಿ ನೋಡಿದೆ, ಹೊಗೆ ಕಮ್ಮಿ ಆಯ್ತು, ಧೈರ್ಯವೂ ಕಮ್ಮಿ ಆಯ್ತು. ವಾರಗಟ್ಟಲೆ ನಿಲ್ಲಿಸೋದಾದ್ರೆ ಟ್ಯಾಂಕೂ ಕಾರ್ಬುರೇಟರೂ ಖಾಲಿ ಮಾಡಿ.

ಇನ್ನು ಒಟ್ಟು ಲೆಕ್ಕ, ನೆನಪಿದ್ದಷ್ಟು. ಗಾಡಿ, ಕೇಸು 32 ಸಾವಿರ. ಎಂಜಿನ್ ಕೆಳಗಿಂದ ಮೇಲೆ, ಕ್ಲಚ್ಚು, ಪ್ರೈಮರಿ ಚೈನು ಸೇರಿ ಹನ್ನೆರಡೂವರೆ. ಡೈನಮೋ, ಕಾರ್ಬುರೇಟರ್ ಐದು. ಸರಿಯಾದ ಚಕ್ರ ಏಳೂವರೆ, ಟಯರ್ ಟ್ಯೂಬು ಏಳು. ಮುಂದಿನ ಫೋರ್ಕಿಗೆ ಹಾರ್ಡ್ ಕ್ರೋಮು, ಹಿಂದಿನ ಶಾಕು ಒಂಬತ್ತೂವರೆ. ಚಾಸಿಸ್ ಬೆಸುಗೆ, ಪೌಡರ್ ಕೋಟಿಂಗ್ ಏಳು. ಕೇಬಲ್ಲು, ಹ್ಯಾಂಡಲ್ಲು, ಟ್ಯಾಂಕ್ ರಿಪೇರಿ ಐದೂವರೆ. ಹಾಳಾಗಿದ್ದು ಹದಿನಾಲ್ಕು. ಬಸ್ಸು, ಲಗೇಜು ನಾಲ್ಕು. ಹೊಳಪಿನ ಶೋಕಿ ಕ್ರೋಮಿಗೆ ಒಂದು ರೂಪಾಯಿ ಹಾಕಿಲ್ಲ, ಮಣ್ಣಲ್ಲಿ ಕ್ರೋಮು ಯಾರಿಗೆ ತೋರಿಸೋಕೆ?

ರೆಡಿ ಗಾಡಿ 1.15 ಲಕ್ಷ. ಅದರ ಎಂಜಿನ್, ಟಯರ್, ಫೋರ್ಕು, ಶಾಕು ಮತ್ತೆ ಮಾಡಿಸಿದ್ದಕ್ಕೆ 29 ಸಾವಿರ ಸೇರಿ 1.44. ನನ್ನ 1.04ಕ್ಕೆ ನಲವತ್ತು ಭಾನುವಾರದ ಕೂಲಿ, ದಿನಕ್ಕೆ ಸಾವಿರದ ಹಾಗೆ ಹಾಕಿದರೆ ಅದೂ ಹೆಚ್ಚು ಕಮ್ಮಿ ಅಲ್ಲೇ ಬಂದು ನಿಲ್ಲುತ್ತೆ. ಅಂದ್ರೆ ನಾನು ಉಳಿಸಿದ್ದು ನನ್ನದೇ ಕೂಲಿ. ಬಿಚ್ಚೋದು ಕಟ್ಟೋದು ಎಲ್ಲ ಮೆಕ್ಯಾನಿಕ್ಕಿಗೆ ಕೊಡೋರು ಎಬ್ಬಿಸೋ ಗೊಡವೆಗೆ ಹೋಗಬೇಡಿ. ಬಿಪಿ ನೋಡಿ, ಬಿದ್ದಷ್ಟು ರೇಟು ಇಳಿಸಿ, ರೆಡಿ ಗಾಡಿಯನ್ನೇ ತಗೊಳ್ಳಿ.

ಈಗ ಎರಡನೇ ಎಂಜಿನ್ ಬೆಂಚ್ ಮೇಲಿದೆ. 300ಕ್ಕೆ ಏರಿಸಿದರೆ ಆರು ನಿಮಿಷಕ್ಕೆ 190. ಸೀಲ್ ಎರಡೂ ಹೊಸದು, ಗೇರ್ ಆಯಿಲ್ ತೂತಲ್ಲಿ ಗುಳ್ಳೆ ಇಲ್ಲ. ನೊರೆ ಏಳ್ತಿರೋದು ಬ್ಯಾರೆಲ್ ಕೆಳಗಿನ ಪ್ಯಾಕಿಂಗ್ ಹತ್ತಿರ. ಕೇಸಿನ ಮುಖ ಸೊಟ್ಟಗಾಗಿದೆ ಅಂತ ಕಾಣುತ್ತೆ, ಸೋಮವಾರ ಹರಿಹರಕ್ಕೆ ತಗೊಂಡು ಹೋಗಬೇಕು.