ಬಿಪಿ ಇಳಿಸಬೇಕೇ? ಉಪ್ಪಿನ ಪ್ಯಾಕೆಟ್ ಮೇಲೆ ತಾರೀಖು ಬರೆಯಿರಿ

ಬಿಪಿಗೆ ಮನೆಮದ್ದು ಹುಡುಕುವವರು ಬೆಳ್ಳುಳ್ಳಿ, ಮೆಂತ್ಯದ ನೀರಿನ ಹಿಂದೆ ಬೀಳುತ್ತಾರೆ. ಅದಕ್ಕಿಂತ ಮೊದಲು ಆಗಬೇಕಾದ ಕೆಲಸ ಉಪ್ಪಿನದು. ಉಪ್ಪು ಹೆಚ್ಚಾದರೆ ದೇಹ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ರಕ್ತದ ಪ್ರಮಾಣ ಏರುತ್ತದೆ, ಒತ್ತಡವೂ ಏರುತ್ತದೆ. ದೊಡ್ಡವರಿಗೆ ದಿನಕ್ಕೆ 5 ಗ್ರಾಂ ಒಳಗಿರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಎಲ್ಲ ಸೇರಿ ಮಟ್ಟಸ ಒಂದು ಟೀ ಚಮಚಕ್ಕಿಂತ ಕಡಿಮೆ.

ಹೊಸ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ತಾರೀಖು ಬರೆಯಿರಿ. ನಾಲ್ವರ ಮನೆಯಲ್ಲಿ ಅಡುಗೆಗೇ ಒಂದು ಕಿಲೋ 50 ದಿನಕ್ಕೂ ಮುಂಚೆ ಮುಗಿದರೆ ಮಿತಿ ದಾಟಿದೆ. ಮುಂಬೈಯಲ್ಲಿ ಹೊರಗೆ ತಿನ್ನುವುದೇ ಹೆಚ್ಚು, ಆ ಉಪ್ಪು ಈ ಲೆಕ್ಕದಲ್ಲಿಲ್ಲ. ಒಂದು ವಡಾಪಾವ್ ನೋಡಿ: ಪಾವ್ ಹಿಟ್ಟಿನಲ್ಲಿ ಉಪ್ಪು, ವಡೆಯಲ್ಲಿ ಉಪ್ಪು, ಒಣ ಚಟ್ನಿಯಲ್ಲಿ ಉಪ್ಪು, ಪಕ್ಕದ ಹುರಿದ ಮೆಣಸಿನಕಾಯಿಗೂ ಉಪ್ಪು. ಫರ್ಸಾಣ್‌ನಂಥ ಖಾರದ ಕುರುಕಲು, ಒಣಮೀನು, ಉಪ್ಪಿನಕಾಯಿ, ಬಾಳಕ ಇವೆಲ್ಲ ಅದೇ ಸಾಲಿನವು. ಹಪ್ಪಳವನ್ನು ಕರಿಯದೆ ಸುಟ್ಟರೆ ಎಣ್ಣೆ ತಪ್ಪುತ್ತದೆ, ಉಪ್ಪು ಅಷ್ಟೇ ಇರುತ್ತದೆ. ಸೈಂಧವ ಲವಣವೂ ಬಹುಪಾಲು ಅದೇ ಸೋಡಿಯಂ ಕ್ಲೋರೈಡ್, ಅಂದರೆ ಮಾಮೂಲಿ ಉಪ್ಪೇ.

ಒಮ್ಮೆಗೇ ಕಡಿದರೆ ಊಟ ಸಪ್ಪೆಯಾಗಿ, ವಾರದೊಳಗೆ ಹಳೆಯ ರುಚಿಗೇ ಮರಳುತ್ತೀರಿ. ಮೊದಲು ಚಪಾತಿ ಹಿಟ್ಟು, ಮೊಸರನ್ನ, ಮಜ್ಜಿಗೆಗೆ ಹಾಕುವುದನ್ನು ಬಿಡಿ. ಆಮೇಲೆ ಸಾರು, ಪಲ್ಯಕ್ಕೆ ಹಾಕುವುದನ್ನು ವಾರವಾರ ಸ್ವಲ್ಪ ಇಳಿಸಿ. ನಿಂಬೆರಸ, ಹುರಿದ ಜೀರಿಗೆ, ಕೋಕಂ ಇದ್ದರೆ ಕೊರತೆ ಅಷ್ಟಾಗಿ ಗೊತ್ತಾಗುವುದಿಲ್ಲ. ಪೊಟ್ಯಾಸಿಯಂ ಇರುವ ಬಾಳೆಹಣ್ಣು, ಎಳನೀರು, ಬೇಳೆಕಾಳು ಒಳ್ಳೆಯವು. ಆದರೆ ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಇವನ್ನು ಹೆಚ್ಚಿಸಬಾರದು, ಪೊಟ್ಯಾಸಿಯಂ ಬೆರೆಸಿದ 'ಲೋ ಸೋಡಿಯಂ' ಉಪ್ಪನ್ನೂ ಮುಟ್ಟಬಾರದು. ಕೆಲವು ಬಿಪಿ ಮಾತ್ರೆಗಳೂ ಪೊಟ್ಯಾಸಿಯಂ ಏರಿಸುತ್ತವೆ.

ವಾರಕ್ಕೆ ಐದು ದಿನ ಅರ್ಧ ಗಂಟೆ ಬಿರುಸಿನ ನಡಿಗೆ ಬೇಕು. ಮಾತಾಡಲು ಬರಬೇಕು, ಹಾಡಲು ಆಗಬಾರದು, ಅದೇ ವೇಗ. ಲೋಕಲ್ ಹಿಡಿಯಲು ಓಡಿದ್ದನ್ನು ಇದಕ್ಕೆ ಸೇರಿಸಬೇಡಿ; ಮಾಟುಂಗಾದ ಫೈವ್ ಗಾರ್ಡನ್ಸ್, ಪುಣೆಯ ತಳಜಾಯಿ ಗುಡ್ಡದಂಥ ಜಾಗ ನೋಡಿಕೊಳ್ಳಿ. ಹೆಚ್ಚಿನ ತೂಕ ಇಳಿದರೆ, ಕುಡಿತ ನಿಂತರೆ ಬಿಪಿಯೂ ಇಳಿಯುತ್ತದೆ. ಜೋರು ಗೊರಕೆ, ಹಗಲಲ್ಲಿ ತೂಕಡಿಕೆ ಇದ್ದರೆ ಡಾಕ್ಟರಿಗೆ ಹೇಳಿ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಯಿಂದಲೂ ಬಿಪಿ ಏರುತ್ತದೆ. ಕೆಮ್ಮಿಗೆಂದು ದಿನಾ ಜಗಿಯುವ ಜ್ಯೇಷ್ಠಮಧು, ಮಂಡಿನೋವಿಗೆ ನುಂಗುವ ಐಬುಪ್ರೊಫೆನ್‌ನಂಥ ಮಾತ್ರೆ ಕೂಡ ಏರಿಸಬಲ್ಲವು.

ಅಳೆಯುವುದರಲ್ಲೇ ತಪ್ಪುವವರು ಬಹಳ. ಅರ್ಧ ಗಂಟೆ ಮುಂಚಿನಿಂದ ಚಹಾ, ತಂಬಾಕು ಬೇಡ. ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಆಸರೆ ಕೊಟ್ಟು, ಕಾಲ ಮೇಲೆ ಕಾಲು ಹಾಕದೆ ಐದು ನಿಮಿಷ ಸುಮ್ಮನೆ ಕೂರಿ. ಪಟ್ಟಿ ಬರಿತೋಳಿಗೆ ಸುತ್ತಿ, ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲಿರಲಿ. ಬೆಳಿಗ್ಗೆ ಸಂಜೆ ಎರಡೆರಡು ಸಲ, ನಿಮಿಷದ ಅಂತರದಲ್ಲಿ ಅಳೆದು ಬರೆದಿಡಿ. ಮನೆಯ ಸರಾಸರಿ 135/85 ಅಥವಾ ಮೇಲಿದ್ದರೆ ಆ ಚೀಟಿಯನ್ನು ಡಾಕ್ಟರಿಗೆ ತೋರಿಸಿ. ಅಂಕಿ ಇಳಿದಿದೆಯೆಂದು ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಎಷ್ಟು ಕಡಿಮೆ ಮಾಡಬೇಕೆಂದು ಅವರೇ ಹೇಳಲಿ. 180/120 ದಾಟಿ ಎದೆನೋವು, ಉಸಿರಾಟದ ತೊಂದರೆ, ಮಾತು ತೊದಲುವಿಕೆ, ಕೈಕಾಲು ಸೋಲುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.