ಪೊಲೀಸ್ ಬಲಪ್ರಯೋಗದ ಲೆಕ್ಕ: ಎಲ್ಲಿ ಹುಡುಕಬೇಕು, ಹೇಗೆ ಓದಬೇಕು?

ಅಮೆರಿಕದಲ್ಲಿ ಪೊಲೀಸರ ಗುಂಡಿಗೆ ಸತ್ತವರ ಬಗ್ಗೆ ಮಾತು ಬಂದರೆ ಎಲ್ಲರೂ ಮೊದಲು ತೆಗೆಯುವುದು ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯ ಪಟ್ಟಿ. ಅದರಲ್ಲಿ ಜಾರ್ಜ್ ಫ್ಲಾಯ್ಡ್ ಹೆಸರು ಹುಡುಕಿ ನೋಡಿ, ಸಿಗುವುದಿಲ್ಲ. 2020ರ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಅವರ ಜೀವ ಹೋಗಿದ್ದು ಪೊಲೀಸ್ ಅಧಿಕಾರಿ ಕುತ್ತಿಗೆ ಮೇಲೆ ಮಂಡಿ ಊರಿದ್ದರಿಂದ. ಪೋಸ್ಟ್ ಪಟ್ಟಿ ಲೆಕ್ಕ ಇಟ್ಟಿದ್ದು ಕರ್ತವ್ಯದಲ್ಲಿದ್ದ ಪೊಲೀಸರು ಗುಂಡಿಟ್ಟು ಕೊಂದ ಪ್ರಕರಣಗಳನ್ನು ಮಾತ್ರ.

ಹಾಗಾಗಿ ಮೊದಲ ಕೆಲಸ ಡೌನ್‌ಲೋಡ್ ಅಲ್ಲವೇ ಅಲ್ಲ. ಪಟ್ಟಿ ಏನನ್ನು ಎಣಿಸುತ್ತದೆ, ಏನನ್ನು ಬಿಡುತ್ತದೆ ಅಂತ ವಿವರಣೆಯ ಪುಟದಲ್ಲಿ ಓದಿ. ಬೇಜಾರಿನ ಕೆಲಸ, ಆದರೆ ಇದನ್ನು ಬಿಟ್ಟರೆ ಮುಂದಿನದ್ದೆಲ್ಲ ವ್ಯರ್ಥ.

ಅಮೆರಿಕದಲ್ಲಿ ಸುಮಾರು 18,000 ಪೊಲೀಸ್ ಇಲಾಖೆಗಳಿವೆ. 2014ರಲ್ಲಿ ಫರ್ಗುಸನ್‌ನಲ್ಲಿ ಮೈಕಲ್ ಬ್ರೌನ್ ಎಂಬ ಕಪ್ಪು ಯುವಕ ಪೊಲೀಸ್ ಗುಂಡಿಗೆ ಸತ್ತಾಗ ‘ವರ್ಷಕ್ಕೆ ಇಂಥವು ಎಷ್ಟು?’ ಎಂಬ ಪ್ರಶ್ನೆಗೆ ಸರ್ಕಾರದ ಬಳಿ ನೆಟ್ಟಗೆ ಉತ್ತರ ಇರಲಿಲ್ಲ. ಪೋಸ್ಟ್ 2015ರ ಜನವರಿ 1ರಿಂದ ತಾನೇ ಎಣಿಸತೊಡಗಿತು. ವರ್ಷಕ್ಕೆ ಹೆಚ್ಚುಕಡಿಮೆ ಸಾವಿರ ಸಾವು ಲೆಕ್ಕಕ್ಕೆ ಬಂತು. 2024ರ ಕೊನೆಗೆ ಆ ಕೆಲಸ ನಿಲ್ಲಿಸಿದರು. ಹಳೆಯ ಹತ್ತು ವರ್ಷಕ್ಕೆ ಈ ಪಟ್ಟಿ ಇರಲಿ. ಈಚಿನದಕ್ಕೆ ‘ಮ್ಯಾಪಿಂಗ್ ಪೊಲೀಸ್ ವಯಲೆನ್ಸ್’ ನೋಡಿ. ಸ್ಯಾಮ್ಯುಯೆಲ್ ಸಿನ್ಯಾಂಗ್ವೆ ಕಟ್ಟಿದ ಈ ತಾಣದಲ್ಲಿ 2013ರಿಂದ ಮಾಹಿತಿ ಇದೆ, ಟೇಸರ್ (ವಿದ್ಯುತ್ ಆಘಾತ ಕೊಡುವ ಆಯುಧ), ಹೊಡೆತ, ಕತ್ತು ಅಮುಕಿದ್ದು ಎಲ್ಲವೂ ಸೇರುತ್ತದೆ. ಸಹಜವಾಗಿ ಇದರ ಸಂಖ್ಯೆ ಪೋಸ್ಟ್‌ಗಿಂತ ಜಾಸ್ತಿ. ಎರಡನ್ನೂ ಪಕ್ಕ ಪಕ್ಕ ಇಟ್ಟು ‘ಒಬ್ಬರು ಸುಳ್ಳು ಹೇಳ್ತಿದ್ದಾರೆ’ ಅನ್ನೋದು ಸೋಷಿಯಲ್ ಮೀಡಿಯಾದ ಹಳೇ ಚಾಳಿ.

ಈಗ ಫೈಲ್ ತೆರೆಯೋಣ. ಪೋಸ್ಟ್‌ನ ಸಿಎಸ್‌ವಿ (ಸರಳ ಕೋಷ್ಟಕ) ಫೈಲ್ ಗಿಟ್‌ಹಬ್ ಎಂಬ ತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಗೂಗಲ್ ಶೀಟ್ಸ್‌ಗೆ ಹಾಕಿ, ಮೇಲಿನ ಸಾಲಿಗೆ ಫಿಲ್ಟರ್ ಕೊಡಿ. ಒಂದು ಸಾಲು ಅಂದರೆ ಒಬ್ಬ ವ್ಯಕ್ತಿ. ದಿನಾಂಕ, ಊರು, ವಯಸ್ಸು, ಜನಾಂಗ, ಕೈಯಲ್ಲಿ ಏನಿತ್ತು, ಓಡುತ್ತಿದ್ದರೋ ಇಲ್ಲವೋ, ಹೀಗೆ ಕಾಲಂಗಳಿವೆ.

‘ಬಾಡಿ ಕ್ಯಾಮೆರಾ’ ಕಾಲಂ ಹತ್ತಿರ ಸ್ವಲ್ಪ ನಿಲ್ಲಿ. ಅಲ್ಲಿರುವುದು ಟ್ರೂ ಅಥವಾ ಫಾಲ್ಸ್. ಫಾಲ್ಸ್ ಕಂಡ ಕೂಡಲೇ ಪೊಲೀಸರು ಕ್ಯಾಮೆರಾ ಹಾಕಿಕೊಂಡಿರಲಿಲ್ಲ ಅಂತ ಬರೆದುಬಿಡುವವರೇ ಹೆಚ್ಚು. ವಿವರಣೆ ಓದಿದರೆ ಗೊತ್ತಾಗುತ್ತದೆ: ಕ್ಯಾಮೆರಾ ಇತ್ತು ಅಂತ ಸುದ್ದಿಯಲ್ಲಿ ಬಂದಿದ್ದರೆ ಟ್ರೂ. ವರದಿಗಾರ ಆ ವಿಷಯ ಬರೆಯದೇ ಇದ್ದರೂ ಫಾಲ್ಸ್ ಆಗಬಹುದು. ಮಾನಸಿಕ ಅಸ್ವಸ್ಥತೆಯ ಕಾಲಂ ಕೂಡ ಹೀಗೆಯೇ, ಸುದ್ದಿ ವರದಿಯನ್ನೇ ನಂಬಿದೆ. ‘ಕೈಯಲ್ಲಿ ಏನಿತ್ತು’ ಕಾಲಂನಲ್ಲಿ ‘ಅನ್‌ಆರ್ಮ್ಡ್’ ಬೇರೆ, ‘ಅನ್‌ನೋನ್’ ಬೇರೆ, ಖಾಲಿ ಬಿಟ್ಟಿದ್ದೂ ಬೇರೆ. ಮೂರನ್ನೂ ಕೂಡಿಸಿ ‘ನಿರಾಯುಧರು’ ಅಂದರೆ ತಪ್ಪು.

ಇನ್ನೊಂದು ಕಡೆ ಎಡವುತ್ತಾರೆ. ಯಾವ ಇಲಾಖೆ ಎಂಬುದು ಇನ್ನೊಂದು ಫೈಲ್‌ನಲ್ಲಿದೆ, ಇಲ್ಲಿರುವುದು ಇಲಾಖೆಯ ಗುರುತಿನ ಸಂಖ್ಯೆ ಮಾತ್ರ. ಒಂದೇ ಘಟನೆಯಲ್ಲಿ ಎರಡು ಮೂರು ಇಲಾಖೆಯವರಿದ್ದರೆ ಶೀಟ್‌ನ ಒಂದೇ ಸೆಲ್‌ನಲ್ಲಿ ಅಷ್ಟೂ ಸಂಖ್ಯೆ ಇರುತ್ತವೆ. ಇಲಾಖೆವಾರು ಬಿಡಿಸಿ ಆಮೇಲೆ ಒಟ್ಟು ಕೂಡಿಸಿದರೆ ಸತ್ತ ಒಬ್ಬರೇ ಎರಡು ಸಲ ಎಣಿಕೆಯಾಗುತ್ತಾರೆ.

ಎಣಿಕೆ ಆದ ಮೇಲೆ ಜನಸಂಖ್ಯೆಯಿಂದ ಭಾಗಿಸಿ. ಒಟ್ಟು ಲೆಕ್ಕದಲ್ಲಿ ಕ್ಯಾಲಿಫೋರ್ನಿಯಾ ಮುಂದೆ, ಅಲ್ಲಿ ಜನವೂ ಹೆಚ್ಚು ಅಲ್ವಾ? ತಲಾವಾರು ನೋಡಿದರೆ ಜನ ಕಡಿಮೆ ಇರುವ ನ್ಯೂ ಮೆಕ್ಸಿಕೊ ಮೇಲಕ್ಕೆ ಬರುತ್ತದೆ. ಜನಾಂಗದ ವಿಷಯವೂ ಅಷ್ಟೇ: ಸತ್ತವರಲ್ಲಿ ಬಿಳಿಯರ ಸಂಖ್ಯೆ ಹೆಚ್ಚು, ಆದರೆ ಜನಸಂಖ್ಯೆಯಲ್ಲಿ ಶೇ 14ರಷ್ಟಿರುವ ಕಪ್ಪು ಜನರ ಸಾವಿನ ದರ ಬಿಳಿಯರ ಎರಡರಷ್ಟಕ್ಕೂ ಮೇಲಿದೆ.

ಇದೆಲ್ಲ ಸಾವಿನ ಲೆಕ್ಕ. ಲಾಠಿ ಏಟು, ಪೆಪ್ಪರ್ ಸ್ಪ್ರೇ, ಕೈ ತಿರುಚಿ ಕೆಡವಿದ್ದು ಎಲ್ಲಿ ಸಿಗುತ್ತದೆ? ಎಫ್‌ಬಿಐ 2019ರಲ್ಲಿ ಶುರು ಮಾಡಿದ ರಾಷ್ಟ್ರೀಯ ಸಂಗ್ರಹ ಸಾವು, ಗಂಭೀರ ಗಾಯ, ಗುಂಡು ಹಾರಿಸಿದ್ದನ್ನು ಕೇಳುತ್ತದೆ, ಆದರೆ ಮಾಹಿತಿ ಕೊಡುವುದು ಇಲಾಖೆಯ ಇಷ್ಟ. ಒಂದೊಂದು ಘಟನೆಯ ವಿವರವನ್ನೂ ಹೊರಗೆ ಬಿಡುವುದಿಲ್ಲ. ನನ್ನ ಪ್ರಕಾರ ಇದರಿಂದ ಹೆಚ್ಚು ಉಪಯೋಗವಿಲ್ಲ. ಊರು, ರಾಜ್ಯ ಮಟ್ಟದಲ್ಲಿ ಹುಡುಕುವುದೇ ವಾಸಿ.

ನ್ಯೂಜೆರ್ಸಿ ಒಳ್ಳೆಯ ಉದಾಹರಣೆ. ಅಲ್ಲಿನ ಪತ್ರಕರ್ತರು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ ಹಾಕಿ 2012ರಿಂದ 2016ರವರೆಗಿನ 72,677 ಬಲಪ್ರಯೋಗ ಫಾರಂಗಳನ್ನು ತರಿಸಿಕೊಂಡು, 2018ರಲ್ಲಿ ಎಲ್ಲರೂ ಹುಡುಕುವ ಹಾಗೆ ಆನ್‌ಲೈನ್‌ಗೆ ಹಾಕಿದರು. ಆಮೇಲೆ ರಾಜ್ಯದ ಅಟಾರ್ನಿ ಜನರಲ್ ಕಚೇರಿಯೇ ಡ್ಯಾಶ್‌ಬೋರ್ಡ್ ತೆರೆಯಿತು. ಬಲ ಬಳಸಿದ 24 ಗಂಟೆಯೊಳಗೆ ಪೊಲೀಸರು ವರದಿ ತುಂಬಬೇಕು. ಆ ರಾಜ್ಯದ ಎಡಿಸನ್ ಕಡೆ ನಿಮ್ಮ ನೆಂಟರಿದ್ದರೆ ಅವರ ಊರಿನ ಇಲಾಖೆ ಆರಿಸಿ ನೋಡಬಹುದು. ಷಿಕಾಗೊದವರಿಗೆ ಇನ್ವಿಸಿಬಲ್ ಇನ್‌ಸ್ಟಿಟ್ಯೂಟ್ ಎಂಬ ಪತ್ರಕರ್ತರ ಸಂಸ್ಥೆಯ ಸಿಟಿಜನ್ಸ್ ಪೊಲೀಸ್ ಡೇಟಾ ಪ್ರಾಜೆಕ್ಟ್ ಇದೆ. ಅಲ್ಲಿ ಅಧಿಕಾರಿಯ ಹೆಸರು ಹಾಕಿದರೆ ದೂರುಗಳು ಕಾಣುತ್ತವೆ. ನೆನಪಿರಲಿ, ದೂರು ಅಂದರೆ ಆರೋಪ. ಎಷ್ಟು ದೂರು ಸಾಬೀತಾಯಿತು ಅಂತ ಪ್ರತ್ಯೇಕವಾಗಿ ನೋಡಿ.

ನಮ್ಮಲ್ಲಿ? ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ (ಎನ್‌ಸಿಆರ್‌ಬಿ) ವಾರ್ಷಿಕ ವರದಿಯಲ್ಲಿ ಕಸ್ಟಡಿ ಸಾವಿನ ಕೋಷ್ಟಕ ಇದೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಅಂಕಿ ಬೇರೆ, ಅದು ಲೋಕಸಭೆಯ ಉತ್ತರಗಳಲ್ಲಿ ರಾಜ್ಯವಾರು ಸಿಗುತ್ತದೆ. ಎರಡೂ ತಾಳೆಯಾಗುವುದಿಲ್ಲ. ಎನ್‌ಸಿಆರ್‌ಬಿಯದು ಜನವರಿಯಿಂದ ಡಿಸೆಂಬರ್ ಲೆಕ್ಕ, ಆಯೋಗದ್ದು ಏಪ್ರಿಲ್‌ನಿಂದ ಮಾರ್ಚ್.

ಆದರೆ ‘ಮಹಜರಿಗೆ ಕರೆದೊಯ್ದಾಗ ಪೊಲೀಸರ ಮೇಲೆ ಹಲ್ಲೆ, ಆರೋಪಿ ಕಾಲಿಗೆ ಗುಂಡು’ ಅನ್ನೋ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಆಗಾಗ ಓದುತ್ತೇವಲ್ಲ, ಅದನ್ನು ಈ ಕೋಷ್ಟಕಗಳಿಂದ ಒಂದೊಂದಾಗಿ ಹೆಕ್ಕಲು ಬರುವುದಿಲ್ಲ. ಪೋಸ್ಟ್‌ನವರು ಶುರು ಮಾಡಿದ್ದೂ ಹೆಚ್ಚಾಗಿ ಸುದ್ದಿ ವರದಿಗಳನ್ನು ಒಟ್ಟು ಮಾಡಿಯೇ. ನೀವೂ ನಿಮ್ಮ ಜಿಲ್ಲೆಗೆ ಒಂದು ಶೀಟ್ ತೆರೆಯಬಹುದು: ದಿನಾಂಕ, ಠಾಣೆ, ಸಮಯ, ಮಹಜರೋ ಬಂಧನವೋ, ಆರೋಪಿ ಕೈಯಲ್ಲಿ ಏನಿತ್ತು ಅಂತ ಪೊಲೀಸರು ಹೇಳಿದ್ದು, ಗಾಯಗೊಂಡ ಪೊಲೀಸರು ಎಷ್ಟು, ಸುದ್ದಿಯ ಲಿಂಕ್. ಆರೋಪಿಯ ಹೆಸರು ಬೇಕಿಲ್ಲ, ಎಫ್‌ಐಆರ್ ಸಂಖ್ಯೆ ಸಾಕು. ಎರಡು ಪತ್ರಿಕೆ ಎರಡು ಥರ ಬರೆದಿದ್ದರೆ ಹೊಸ ಸಾಲು ಮಾಡಬೇಡಿ, ಅದೇ ಸಾಲಿನಲ್ಲಿ ಎರಡೂ ಲಿಂಕ್ ಹಾಕಿ. ಗೊತ್ತಿಲ್ಲದ ಕಡೆ ‘ಇಲ್ಲ’ ಅಂತ ತುಂಬದೆ ‘ವರದಿಯಲ್ಲಿಲ್ಲ’ ಅಂತಲೇ ಬರೆಯಿರಿ.