ಸಂಶೋಧನಾರ್ಥಿಗಳೇ, ಎರಡು ವಾರ ನಿದ್ದೆ ಕೆಟ್ಟರೆ ಕಡೆಗಣಿಸಬೇಡಿ

ಪಿಎಚ್.ಡಿ. ಮಾಡುತ್ತಿರುವ ಹಾಗೂ ಈಗಷ್ಟೇ ಪೋಸ್ಟ್‌ಡಾಕ್ (ಪಿಎಚ್.ಡಿ. ನಂತರದ ಸಂಶೋಧನಾ ಹುದ್ದೆ) ಸೇರಿರುವ ಗೆಳೆಯರಲ್ಲಿ ಒಂದು ವಿನಂತಿ. ಪ್ರಯೋಗ ಕೈಕೊಡುವುದು ವಿಜ್ಞಾನದಲ್ಲಿ ದಿನನಿತ್ಯದ ಸಂಗತಿ. ಆದರೆ ಆ ಸೋಲನ್ನೇ ನಮ್ಮ ಯೋಗ್ಯತೆಯ ಅಳತೆಗೋಲೆಂದು ಭಾವಿಸತೊಡಗಿದಾಗ, ಅದಕ್ಕೆ ತಡವಾಗಿ ಬರುವ ಫೆಲೋಶಿಪ್ ಹಣ ಮತ್ತು ಮುಂದಿನ ಕೆಲಸದ ಅನಿಶ್ಚಿತತೆಯೂ ಸೇರಿಕೊಂಡು ಮನಸ್ಸು ಕುಸಿಯುತ್ತದೆ. 26 ದೇಶಗಳ 2,279 ಮಂದಿ, ಬಹುಪಾಲು ಪಿಎಚ್.ಡಿ. ವಿದ್ಯಾರ್ಥಿಗಳೇ, ಉತ್ತರಿಸಿದ್ದ ಸಮೀಕ್ಷೆಯೊಂದು 2018ರಲ್ಲಿ ‘ನೇಚರ್ ಬಯೋಟೆಕ್ನಾಲಜಿ’ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ. 39ರಷ್ಟು ಮಂದಿಗೆ ಮಧ್ಯಮದಿಂದ ತೀವ್ರ ಮಟ್ಟದ ಖಿನ್ನತೆಯ ಲಕ್ಷಣಗಳಿದ್ದವು. ಸ್ವಇಚ್ಛೆಯಿಂದ ಉತ್ತರಿಸಿದವರ ಲೆಕ್ಕ ಇದಾದರೂ, ನೀವು ಒಬ್ಬಂಟಿಯಲ್ಲ ಎಂಬುದಕ್ಕೆ ಇಷ್ಟು ಸಾಕು.

ಪ್ರತಿ ರಾತ್ರಿ ಲ್ಯಾಬ್ ನೋಟ್‌ಬುಕ್ ಅಲ್ಲದ ಬೇರೊಂದು ಪುಸ್ತಕದಲ್ಲಿ ಆ ದಿನದ ನಿದ್ದೆ, ಊಟ ಮತ್ತು ಕೆಲಸದ ಮೇಲಿನ ಆಸಕ್ತಿಯನ್ನು ಒಂದೊಂದು ಸಾಲಿನಲ್ಲಿ ಬರೆದಿಡಿ. ಎರಡು ವಾರ ಕಳೆದರೂ ಸುಧಾರಣೆ ಕಾಣದಿದ್ದರೆ, ಪ್ರಬಂಧ ಸಲ್ಲಿಕೆಯಾಗಲಿ ಎಂದು ಕಾಯದೆ ಆ ಪುಸ್ತಕದೊಂದಿಗೇ ಆಪ್ತಸಮಾಲೋಚಕರನ್ನೋ ಮನೋವೈದ್ಯರನ್ನೋ ಕಾಣಿರಿ. ನೆನಪಿನಿಂದ ಹೇಳುವಾಗ ನಾವು ಕಷ್ಟವನ್ನು ಕಡಿಮೆ ಮಾಡಿಯೇ ಹೇಳುತ್ತೇವೆ.

ಸಾಯುವ ಯೋಚನೆ ಸುಳಿದರೆ ಎರಡು ವಾರವೂ ಕಾಯಬಾರದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲಿರುಳು ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಗೈಡ್‌ಗೆ ತಿಳಿಯುತ್ತದೆ ಎಂಬ ಭಯದಿಂದ ಹಲವರು ಹಿಂಜರಿಯುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಚಿಕಿತ್ಸೆಯ ಮಾಹಿತಿಯನ್ನು ಗೋಪ್ಯವಾಗಿಡುವ ಹಕ್ಕನ್ನು ನಿಮಗೆ ನೀಡಿದೆ.